ಹಿಪ್-ಹಾಪ್ ಕಲೆಯ ಆದಿಕಾಲವೂ ಅದರ ಸಾಕ್ಷ್ಯಚಿತ್ರಗಳೂ

೧. ಪೀಠಿಕೆ

ಲಿಪಿಯ ಆಶ್ರಯವಿಲ್ಲದೆ ಬಾಯಿಂದ ಬಾಯಿಗೆ ಬಂದ ಕಲೆಗಳ ಇತಿಹಾಸವನ್ನು ಬರೆಯುವುದು ಎಷ್ಟು ಕಷ್ಟವೆಂಬುದು ಕನ್ನಡ ವಿದ್ವಾಂಸರಿಗೆ ಹೊಸದಾಗಿ ಹೇಳಬೇಕಾದ ವಿಷಯವಲ್ಲ. ಕಾವ್ಯಕ್ಕೆ ಓಲೆಯುಂಟು, ದಾನಕ್ಕೆ ಶಾಸನವುಂಟು. ಜಾತ್ರೆಯ ಬಯಲಿನಲ್ಲಿ ರಾತ್ರಿಯೆಲ್ಲ ನಡೆದು ಬೆಳಗಾಗುವಷ್ಟರಲ್ಲಿ ಮುಗಿದುಹೋದ ಪದಗಳ ವಾದಕ್ಕೆ ಕೇಳಿದವರ ನೆನಪಲ್ಲದೆ ಬೇರೆ ಆಧಾರವಿಲ್ಲ. ನೆನಪಾದರೋ ನೆನೆಯುವವನೊಡನೆಯೇ ಹೋಗತಕ್ಕುದು. ಹೀಗಿರುವಲ್ಲಿ, ಚಲಚ್ಚಿತ್ರವು ಹುಟ್ಟಿದ ಮೇಲೆ, ಅದು ಎಲ್ಲ ಕಡೆಗೂ ಹಬ್ಬಿದ ಕಾಲದಲ್ಲಿಯೇ ಜನ್ಮವೆತ್ತಿದ ಒಂದು ಬಾಯ್ದೆರೆಯ ಕಲೆಯನ್ನು ಪರೀಕ್ಷಿಸಿ ನೋಡಿದರೆ, ಅದರ ಆದಿಯು ಚಿತ್ರದಲ್ಲಿ ಎಷ್ಟು ಉಳಿದಿದೆ, ಎಷ್ಟು ಉಳಿದಿಲ್ಲ ಎಂಬ ಪ್ರಶ್ನೆಗೆ ಉತ್ತರವು ದೊರೆಯಬಹುದು. ಅಂಥ ಕಲೆಯು ಅಮೆರಿಕದ ನ್ಯೂಯಾರ್ಕ್ ನಗರದ ಬ್ರಾಂಕ್ಸ್ ಭಾಗದಲ್ಲಿ ೧೯೭೦ರ ದಶಕದಲ್ಲಿ ಹುಟ್ಟಿದ ಹಿಪ್-ಹಾಪ್.

ಈ ಕಲೆಯ ಆದಿಕಾಲವನ್ನು ತೋರಿಸುವ ಕೆಲವು ಸಾಕ್ಷ್ಯಚಿತ್ರಗಳಿವೆ. ಅವುಗಳಲ್ಲಿ ಹಲವು ಬಹುಕಾಲ ದುರ್ಲಭವಾಗಿದ್ದು, ಚಿತ್ರಸಮಾಜಗಳಲ್ಲಿಯೂ ಗ್ರಂಥಭಂಡಾರಗಳಲ್ಲಿಯೂ ಆಗಾಗ ಪ್ರದರ್ಶಿತವಾಗುತ್ತ ಬಂದಿವೆ. ಈ ಚಿತ್ರಗಳನ್ನು ನೋಡಿದವರು ತಾವು ಕಲೆಯ ಹುಟ್ಟನ್ನೇ ಕಂಡೆವೆಂದು ಭಾವಿಸುವುದು ಸಹಜ. ವಿಚಾರಮಾಡಿದರೆ ಹಾಗಲ್ಲವೆಂದು ತಿಳಿಯುವುದು. ಇವು ಕಲೆಯ ಎರಡನೆಯ ಅವಸ್ಥೆಗೆ ಸಾಕ್ಷಿಗಳು. ಮೊದಲನೆಯ ಅವಸ್ಥೆಗೆ ಸಾಕ್ಷಿ ಬೇರೆ. ಅಷ್ಟೇ ಅಲ್ಲದೆ, ಪ್ರದರ್ಶನಗೊಂಡ ಕಡೆಯಲ್ಲೆಲ್ಲ ಇವು ಸಾಕ್ಷಿಗಳಾಗಿ ಮಾತ್ರ ಉಳಿಯದೆ ಬೀಜಗಳೂ ಆದುವು. ಈ ಎರಡು ಸಂಗತಿಗಳನ್ನು ನಿರೂಪಿಸಿ, ಅವುಗಳಿಂದ ಕನ್ನಡ ನಾಡಿನ ಪದವಾದಗಳ ಅಧ್ಯಯನಕ್ಕೆ ಯಾವ ಪಾಠವು ದೊರೆಯುವುದೆಂಬುದನ್ನು ತೋರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

೨. ಕಲೆಯ ಉತ್ಪತ್ತಿ

ಹಿಪ್-ಹಾಪ್ ಎಂಬುದು ಒಂದೇ ಕಲೆಯ ಹೆಸರಲ್ಲ. ನಾಲ್ಕು ಅಂಗಗಳುಳ್ಳ ಒಂದು ಸಮುದಾಯದ ಹೆಸರು. ಗ್ರಾಮಫೋನ್ ಪ್ಲೇಟುಗಳನ್ನು ಕೈಯಿಂದ ನಡೆಸಿ ನಾದವನ್ನು ಜೋಡಿಸುವ 'ಡಿಜೆ'ಯ ವಾದನ, ಆ ನಾದದ ಮೇಲೆ ಪ್ರಾಸಬದ್ಧವಾದ ಮಾತನ್ನು ತಾಳಕ್ಕೆ ಹೊಂದಿಸಿ ನುಡಿಯುವ 'ಎಂಸಿ'ಯ ವಾಕ್ಕು ಅಥವಾ ರ್‍ಯಾಪ್, ನೆಲದ ಮೇಲೆ ಅಂಗಾಂಗಗಳನ್ನು ಚಕ್ರದಂತೆ ತಿರುಗಿಸುವ ನೃತ್ತ, ಗೋಡೆಗಳ ಮೇಲೂ ರೈಲುಗಾಡಿಗಳ ಮೇಲೂ ಬಣ್ಣದಿಂದ ಹೆಸರನ್ನು ಬರೆಯುವ ಚಿತ್ರಲೇಖನ, ಇವೇ ಆ ನಾಲ್ಕು ಅಂಗಗಳು.

ಇದರ ಉತ್ಪತ್ತಿಯ ದಿನವೆಂದು ೧೯೭೩ನೆಯ ಆಗಸ್ಟ್ ೧೧ನ್ನು ಹೇಳುವುದು ರೂಢಿಯಾಗಿದೆ. ಅಂದು ಪಶ್ಚಿಮ ಬ್ರಾಂಕ್ಸಿನ ಸೆಜ್‌ವಿಕ್ ಅವೆನ್ಯೂವಿನ ೧೫೨೦ನೆಯ ಸಂಖ್ಯೆಯ ವಸತಿ ಕಟ್ಟಡದಲ್ಲಿ ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಯು ಒಂದು ಕೂಟವನ್ನು ಏರ್ಪಡಿಸಿದಳು. ಪ್ರವೇಶಕ್ಕೆ ಹುಡುಗಿಯರಿಗೆ ೨೫ ಸೆಂಟ್, ಹುಡುಗರಿಗೆ ೫೦ ಸೆಂಟ್. ಪ್ಲೇಟುಗಳನ್ನು ನುಡಿಸಿದವನು ಆಕೆಯ ಅಣ್ಣ ಕ್ಲೈವ್ ಕ್ಯಾಂಪ್‌ಬೆಲ್. ಜಮೈಕಾ ದ್ವೀಪದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ನ್ಯೂಯಾರ್ಕಿಗೆ ಬಂದ ಈತನು 'ಕೂಲ್ ಹರ್ಕ್' ಎಂಬ ಹೆಸರಿನಿಂದ ಪ್ರಸಿದ್ಧನಾದನು. ಹಾಡು ನಿಂತು ತಾಳವಾದ್ಯವು ಮಾತ್ರ ನುಡಿಯುವ ಭಾಗಕ್ಕೆ ಅಲ್ಲಿ 'ಬ್ರೇಕ್' ಎಂದು ಹೆಸರು. ನಮ್ಮ ಕಚೇರಿಗಳಲ್ಲಿ ತನಿಯಾವರ್ತನವು ಬಂದಾಗ ರಸಿಕರು ಕಿವಿಗೊಡುವಂತೆ ಅಲ್ಲಿನ ತರುಣರು ಬ್ರೇಕ್ ಬಂದಾಗಲೇ ಕುಣಿಯಲು ಮುಂದಾಗುವರೆಂಬುದನ್ನು ಹರ್ಕನು ಗಮನಿಸಿದನು. ಒಂದೇ ಪ್ಲೇಟಿನ ಎರಡು ಪ್ರತಿಗಳನ್ನಿಟ್ಟು, ಒಂದರಲ್ಲಿ ಬ್ರೇಕ್ ಮುಗಿದೊಡನೆ ಮತ್ತೊಂದರಲ್ಲಿ ಅದನ್ನೇ ಪುನಃ ಆರಂಭಿಸಿ, ಕ್ಷಣಮಾತ್ರದ ತುಣುಕನ್ನು ಬೇಕಾದಷ್ಟು ಹೊತ್ತು ಬೆಳೆಯಿಸುವ ಉಪಾಯವನ್ನು ಕಂಡುಕೊಂಡನು. ಈ ಉಪಾಯವನ್ನು ಗ್ರ್ಯಾಂಡ್‌ಮಾಸ್ಟರ್ ಫ್ಲಾಷ್ ಮೊದಲಾದವರು ಶಾಸ್ತ್ರದಂತೆ ನಯಗೊಳಿಸಿದರು. ಕೂಡಿದವರನ್ನು ಹುರಿದುಂಬಿಸಲು ಹೇಳುತ್ತಿದ್ದ ಚಿಕ್ಕ ಚಿಕ್ಕ ಮಾತುಗಳೇ ಬೆಳೆದು ಪ್ರಾಸಬದ್ಧವಾದ ದೀರ್ಘಪದಗಳಾದುವು.

ಈ ಕಲೆ ಹುಟ್ಟಿದ ಸ್ಥಳದ ಸ್ಥಿತಿಯನ್ನು ಎರಡು ಮಾತುಗಳಲ್ಲಿ ಹೇಳಬೇಕು. ೧೯೪೮ರಿಂದ ರಾಬರ್ಟ್ ಮೋಸೆಸ್ ಎಂಬ ಅಧಿಕಾರಿಯ ಯೋಜನೆಯಂತೆ ಬ್ರಾಂಕ್ಸಿನ ನಡುವೆ ಹೆದ್ದಾರಿಯೊಂದು ಹಾಯಿತು. ಸಾವಿರಾರು ಕುಟುಂಬಗಳು ನೆಲೆ ತಪ್ಪಿದುವು. ಅನಂತರ ಮನೆಗಳು ಬೆಂಕಿಗೆ ತುತ್ತಾದುವು. ಬೀದಿಬೀದಿಗೂ ತರುಣರ ಕಾದಾಡುವ ಗುಂಪುಗಳು ಹುಟ್ಟಿದುವು. ೧೯೭೧ನೆಯ ಡಿಸೆಂಬರಿನಲ್ಲಿ ಶಾಂತಿಯನ್ನು ಹೇಳಲು ಹೋದ ಕಾರ್ನೆಲ್ ಬೆಂಜಮಿನ್ ಎಂಬ ತರುಣನು ಕೊಲೆಯಾದನು. ಅವನ ಗುಂಪಿನವರು ಸೇಡಿಗೆ ಹೊರಡದೆ ಎಲ್ಲ ಗುಂಪುಗಳನ್ನೂ ಒಂದೆಡೆ ಕೂಡಿಸಿ, ಅದೇ ತಿಂಗಳು ಹೋ ಅವೆನ್ಯೂವಿನಲ್ಲಿ ಸಂಧಿಯನ್ನು ಮಾಡಿಸಿದರು. ಒಂದು ಗುಂಪಿನ ಬೀದಿಯಲ್ಲಿ ಮತ್ತೊಂದು ಗುಂಪಿನವನು ನಿರ್ಭಯವಾಗಿ ನಡೆಯಲು ಸಾಧ್ಯವಾದ ಮೇಲೆಯೇ ಎಲ್ಲರೂ ಬಂದು ಸೇರುವ ಕೂಟಗಳು ಸಾಧ್ಯವಾದುವು. ಕೈಯ ಕಾಳಗವು ಬಾಯ ಕಾಳಗವಾಯಿತೆಂದು ಹೇಳುವುದು ಸ್ವಲ್ಪ ಅತಿಶಯೋಕ್ತಿಯಾದರೂ ತೀರ ಅಸತ್ಯವಲ್ಲ.

೩. ಚಿತ್ರಗಳ ಪರಿಚಯ

ಈಗ ಸಾಕ್ಷಿಗಳನ್ನು ಕಾಲಾನುಕ್ರಮದಲ್ಲಿ ನೋಡಬಹುದು.

ದಕ್ಷಿಣ ಬ್ರಾಂಕ್ಸಿನ ಒಂದು ಶಾಲೆಯಲ್ಲಿ ಅಧ್ಯಾಪಿಕೆಯಾಗಿದ್ದ ರೀಟಾ ಫೆಚರ್ ಎಂಬಾಕೆಯು ತನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಇಂಥ ಗುಂಪುಗಳಿಗೆ ಸೇರಿದವರೆಂಬುದನ್ನು ಅರಿತು, ಅವರನ್ನು ದೂರಮಾಡದೆ, ಅವರ ಮಾತುಗಳನ್ನೂ ಮುಖಗಳನ್ನೂ ಚಿತ್ರೀಕರಿಸಿಟ್ಟಳು. ಆ ಚಿತ್ರಖಂಡಗಳು ಇಪ್ಪತ್ತು ವರ್ಷಗಳ ಅನಂತರ ಹೆನ್ರಿ ಚಾಲ್‌ಫಂಟನ ಸಹಕಾರದಿಂದ 'ಫ್ಲೈಯಿನ್ ಕಟ್ ಸ್ಲೀವ್ಸ್' (೧೯೯೩) ಎಂಬ ಚಿತ್ರವಾದುವು. ಕಲೆಗೆ ಪೂರ್ವದ ಕಾಲವನ್ನು, ಎಂದರೆ ೧೯೭೩ಕ್ಕೆ ಹಿಂದಿನ ಸಮಾಜವನ್ನು, ಕಣ್ಣಾರೆ ಕಾಣಿಸುವ ಸಾಕ್ಷ್ಯವು ವಿಶೇಷವಾಗಿ ಇದೇ. ಉಪಾಧ್ಯಾಯವೃತ್ತಿಯವರೊಬ್ಬರ ಮಮತೆಯಿಂದ ಇತಿಹಾಸದ ಒಂದು ಅಧ್ಯಾಯವು ಉಳಿಯಿತೆಂಬುದನ್ನು ಉಪಾಧ್ಯಾಯರು ಗಮನಿಸತಕ್ಕುದು.

ಗ್ಯಾರಿ ವೈಸನ '೮೦ ಬ್ಲಾಕ್ಸ್ ಫ್ರಮ್ ಟಿಫನೀಸ್' (೧೯೭೯) ಸ್ಯಾವೇಜ್ ಸ್ಕಲ್ಸ್, ಸ್ಯಾವೇಜ್ ನೋಮ್ಯಾಡ್ಸ್ ಎಂಬ ಎರಡು ಗುಂಪುಗಳನ್ನು ಕುರಿತುದು. ಇದು ಬಹುಕಾಲ ಕೈಗೆ ಸಿಗದೆ, ಸವೆದ ವೀಡಿಯೊ ಕ್ಯಾಸೆಟ್‌ಗಳ ಪ್ರತಿಯಿಂದ ಪ್ರತಿಗೆ ಇಳಿಯುತ್ತ ಬಂದು ೨೦೧೦ರಲ್ಲಿ ಮತ್ತೆ ಪ್ರಕಟವಾಯಿತು. ಮ್ಯಾನ್‌ಫ್ರೆಡ್ ಕಿರ್ಷ್‌ಹೈಮರನ 'ಸ್ಟೇಷನ್ಸ್ ಆಫ್ ದಿ ಎಲಿವೇಟೆಡ್' ೧೯೭೭ರಲ್ಲಿ ಚಿತ್ರಿತವಾಗಿ ೧೯೮೧ರಲ್ಲಿ ನ್ಯೂಯಾರ್ಕ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ನಲವತ್ತೈದು ನಿಮಿಷಗಳ ಈ ಚಿತ್ರದಲ್ಲಿ ವ್ಯಾಖ್ಯಾನದ ಮಾತಿಲ್ಲ; ಬಣ್ಣ ಬರೆದ ರೈಲುಗಾಡಿಗಳು ಎತ್ತರದ ಹಳಿಗಳ ಮೇಲೆ ಓಡುವ ನೋಟಕ್ಕೆ ಚಾರ್ಲ್ಸ್ ಮಿಂಗಸನ ಸಂಗೀತವು ಹಿನ್ನೆಲೆ. ಸಂಗೀತದ ಹಕ್ಕುಗಳ ತೊಡಕಿನಿಂದ ಇದು ಚಿತ್ರಮಂದಿರಗಳಿಗೆ ಸರಿಯಾಗಿ ಬಂದುದು ೨೦೧೪ರಲ್ಲಿ. ಮೂವತ್ತು ವರ್ಷಗಳಿಗೂ ಮೀರಿದ ಈ ಅಜ್ಞಾತವಾಸಕ್ಕೆ ಕಾರಣವು ಚಿತ್ರದ ದೋಷವಲ್ಲ, ಕಾಗದಪತ್ರಗಳ ದೋಷ.

ಟೋನಿ ಸಿಲ್ವರ್ ನಿರ್ದೇಶಿಸಿ ಹೆನ್ರಿ ಚಾಲ್‌ಫಂಟನೊಡನೆ ನಿರ್ಮಿಸಿದ 'ಸ್ಟೈಲ್ ವಾರ್ಸ್' (೧೯೮೩) ಇವೆಲ್ಲಕ್ಕೂ ಶಿರೋಮಣಿಪ್ರಾಯವಾದುದು. ರೈಲುಗಾಡಿಗಳ ಮೇಲೆ ಬರೆಯುವ ತರುಣರು, ಅವರನ್ನು ಹಿಡಿಯುವ ಪೋಲೀಸಿನವರು, ನಿಷೇಧಿಸುವ ನಗರಾಧ್ಯಕ್ಷ ಎಡ್ ಕಾಚ್, ಮಗನು ರಾತ್ರಿ ಎಲ್ಲಿಗೆ ಹೋಗುವನೆಂದು ಗದರುವ ತಾಯಿ, ಇತರರ ಬರಹದ ಮೇಲೆ ಬಳಿದು ಕೆಡಿಸುವ ದ್ವೇಷಿ, ಎಲ್ಲರ ಪಕ್ಷವೂ ಇದರಲ್ಲಿ ಕೇಳಿಬರುವುದು. ಪೂರ್ವಪಕ್ಷವನ್ನು ಪೂರ್ಣವಾಗಿ ಹೇಳಿಸಿದ ಅನಂತರವೇ ಸಿದ್ಧಾಂತಕ್ಕೆ ಬರುವ ಶಾಸ್ತ್ರಗ್ರಂಥಗಳ ಮರ್ಯಾದೆಯು ಈ ಚಿತ್ರದಲ್ಲಿ ಕಾಣುವುದೆಂದರೆ ತಪ್ಪಾಗದು. ಬಾಲ್ಯದ ಅಪಘಾತದಲ್ಲಿ ಒಂದು ಕೈಯನ್ನು ಕಳೆದುಕೊಂಡ 'ಕೇಸ್ ೨' ಎಂಬ ಲೇಖಕನು, ತನ್ನ ಅಕ್ಷರಗಳು ಬಲ್ಲವರಿಗಲ್ಲದೆ ಓದಲು ಬಾರದಂತೆ ಹೇಗೆ ಒಂದರೊಳಗೊಂದು ಹೆಣೆದುಕೊಂಡಿವೆಯೆಂಬುದನ್ನು ವಿವರಿಸುವ ಭಾಗವಂತೂ ಚಿತ್ರಬಂಧಗಳನ್ನು ಓದಿದ ಅಲಂಕಾರಶಾಸ್ತ್ರಜ್ಞರಿಗೆ ಪರಿಚಿತವಾಗಿಯೇ ತೋರುವುದು.

ಚಾರ್ಲಿ ಅಹರ್ನ್ ಮಾಡಿದ 'ವೈಲ್ಡ್ ಸ್ಟೈಲ್' (೧೯೮೩) ಕಥಾಚಿತ್ರವಾದರೂ ಪಾತ್ರಧಾರಿಗಳು ನಿಜವಾದ ಕಲಾವಿದರೇ ಆದುದರಿಂದ ಇದನ್ನು ಅರ್ಧಸಾಕ್ಷಿಯೆಂದು ಕರೆಯಬಹುದು. ಬ್ರಿಟನ್ನಿನ ಬಿಬಿಸಿಯವರಿಗಾಗಿ ಡಿಕ್ ಫಾಂಟೇನ್ ಮಾಡಿದ 'ಬೀಟ್ ದಿಸ್' (೧೯೮೪) ಚಿತ್ರದಲ್ಲಿ ಕೂಲ್ ಹರ್ಕನೇ ಕಾಣಿಸಿಕೊಳ್ಳುವನು. ಡಚ್ಚರ ದೂರದರ್ಶನಕ್ಕಾಗಿ ಬ್ರಾಮ್ ವಾನ್ ಸ್ಪ್ಲಂಟರೆನ್ ಮಾಡಿದ 'ಬಿಗ್ ಫನ್ ಇನ್ ದಿ ಬಿಗ್ ಟೌನ್' (೧೯೮೬) ಕೂಡ ಹಾಲೆಂಡಿನ ಹೊರಗೆ ಬಹುಕಾಲ ದುರ್ಲಭವಾಗಿತ್ತು. ಸ್ವದೇಶದವರು ಉಪೇಕ್ಷಿಸುತ್ತಿದ್ದ ಕಾಲದಲ್ಲಿ ಪರದೇಶದವರು ಬಂದು ದಾಖಲೆಮಾಡಿದುದು ಇಲ್ಲಿಯೂ ನಡೆಯಿತು. ನಮ್ಮ ಶಾಸನಗಳ ಮತ್ತು ನಿಘಂಟಿನ ಇತಿಹಾಸವನ್ನು ಬಲ್ಲವರಿಗೆ ಇದು ಅಪೂರ್ವವೆನಿಸದು.

೪. ಪ್ರಾಮಾಣ್ಯವಿಚಾರ

ಮೇಲಣ ಪಟ್ಟಿಯಲ್ಲಿ ಒಂದು ಅಂಶವು ಸ್ಪಷ್ಟವಾಗಿದೆ. ಕೂಟಗಳು ಆರಂಭವಾದುದು ೧೯೭೩ರಲ್ಲಿ. ಕಲೆಯ ನಾಲ್ಕು ಅಂಗಗಳನ್ನೂ ತೋರಿಸುವ ಚಿತ್ರಗಳು ತೆರೆಗೆ ಬಂದುದು ೧೯೮೩ರಲ್ಲಿ. ನಡುವಣ ಹತ್ತು ವರ್ಷಗಳಲ್ಲಿ, ಅದರಲ್ಲಿಯೂ ಮೊದಲ ಆರೇಳು ವರ್ಷಗಳಲ್ಲಿ, ಹರ್ಕನ ಕೂಟಗಳನ್ನು ತೋರಿಸುವ ಚಿತ್ರವು ಇಲ್ಲವೆನ್ನುವಷ್ಟು ವಿರಳ. ಇದಕ್ಕೆ ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಆ ಕಾಲದಲ್ಲಿ ಚಿತ್ರೀಕರಣವು ಹಣವಂತರ ಕೆಲಸವಾಗಿತ್ತು. ಫಿಲ್ಮಿನ ಸುರುಳಿ, ದೀಪ, ಸಂಸ್ಕರಣ ಎಲ್ಲಕ್ಕೂ ವೆಚ್ಚ. ೨೫ ಸೆಂಟ್ ಕೊಟ್ಟು ಕೂಟಕ್ಕೆ ಬರುವ ಮಕ್ಕಳಲ್ಲಿ ಅದೆಲ್ಲಿಯದು? ಅವರ ಕೈಗೆ ಎಟುಕಿದುದು ಧ್ವನಿಯನ್ನು ಹಿಡಿಯುವ ಕ್ಯಾಸೆಟ್ ಮಾತ್ರ. ಹೀಗಾಗಿ ಆದಿಕಾಲದ ಮುಖ್ಯ ಸಾಕ್ಷಿ ಕಣ್ಣಿಗಲ್ಲ, ಕಿವಿಗೆ. ೧೯೮೧ನೆಯ ಡಿಸೆಂಬರಿನಲ್ಲಿ ಹಾರ್ಲೆಮ್ ವರ್ಲ್ಡ್ ಎಂಬ ಸಭಾಸ್ಥಾನದಲ್ಲಿ ಬಿಜಿ ಬೀ ಮತ್ತು ಕೂಲ್ ಮೋ ಡೀ ಎಂಬವರಿಗೆ ನಡೆದ ವಾಗ್ಯುದ್ಧವು ಈ ಕಲೆಯ ದಿಕ್ಕನ್ನೇ ತಿರುಗಿಸಿತೆಂದು ಪ್ರಸಿದ್ಧವಾಗಿದೆ. ಸಭೆಯನ್ನು ನಗಿಸಿ ರಂಜಿಸುವ ಚಾತುರ್ಯಕ್ಕಿಂತ ಪದಗಳ ಹೆಣಿಗೆಯೇ ಮೇಲೆಂದು ಅಂದು ತೋರಿಬಂದಿತು. ಅಷ್ಟು ಮಹತ್ತ್ವದ ಘಟನೆಯು ನಮಗೆ ಕ್ಯಾಸೆಟ್ಟಿನ ಧ್ವನಿಯಾಗಿ ಉಳಿದಿದೆ.

ಆದುದರಿಂದ ಈ ಚಿತ್ರಗಳ ಪ್ರಾಮಾಣ್ಯವನ್ನು ಅಂಗಾಂಗವಾಗಿ ಬೇರೆಬೇರೆ ನಿರ್ಣಯಿಸಬೇಕು. ಚಿತ್ರಲೇಖನದ ವಿಷಯದಲ್ಲಿ ಇವು ಪ್ರಬಲಪ್ರಮಾಣಗಳು. ಗಾಡಿಗಳ ಮೇಲೆ ಬರೆದ ಬಣ್ಣವನ್ನು ರೈಲಿನ ಅಧಿಕಾರಿಗಳು ತೊಳೆದುಹಾಕಿದರು. ೧೯೮೯ನೆಯ ಮೇ ತಿಂಗಳಲ್ಲಿ ಬರಹವಿರುವ ಗಾಡಿ ಯಾವುದೂ ಇನ್ನು ಓಡದೆಂದು ಸಾರಲಾಯಿತು. ಮೂಲವು ಪೂರ್ಣವಾಗಿ ನಷ್ಟವಾದುದರಿಂದ ಚಿತ್ರವೇ ಮೂಲದ ಸ್ಥಾನದಲ್ಲಿ ನಿಂತಿದೆ. ಶಿಲೆಯು ಒಡೆದುಹೋದ ಮೇಲೆ ಅಚ್ಚಿನ ಕಾಗದವೇ ಶಾಸನವಾಗುವಂತೆ. ನೃತ್ತದ ವಿಷಯದಲ್ಲಿ ಇವು ಮಧ್ಯಮಪ್ರಮಾಣಗಳು. 'ಸ್ಟೈಲ್ ವಾರ್ಸ್'ನಲ್ಲಿ ರಾಕ್ ಸ್ಟೆಡಿ ಕ್ರೂ, ಡೈನಮಿಕ್ ರಾಕರ್ಸ್ ಎಂಬ ತಂಡಗಳ ಸ್ಪರ್ಧೆಯು ನಿಜವಾದುದೇ. ಆದರೆ ಅದು ಎರಡನೆಯ ತಲೆಮಾರಿನ ಹುಡುಗರ ನೃತ್ತ. ಹರ್ಕನ ಮುಂದೆ ಕುಣಿದವರ ಹೆಜ್ಜೆಯನ್ನು ಅದರಿಂದ ಊಹಿಸಬಹುದೇ ಹೊರತು ಅದೇ ಇದು ಎನ್ನಲಾಗದು. ಇದು ಪ್ರತ್ಯಕ್ಷವಲ್ಲ, ಅನುಮಾನ.

ನಾದದ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರವು ಬೇಕು. 'ವೈಲ್ಡ್ ಸ್ಟೈಲ್' ಚಿತ್ರವನ್ನು ನೋಡುವವರು ಅಲ್ಲಿ ಕೇಳುವುದೇ ಬ್ರಾಂಕ್ಸಿನ ಕೂಟಗಳಲ್ಲಿ ನುಡಿಸುತ್ತಿದ್ದ ಪ್ಲೇಟುಗಳೆಂದು ತಿಳಿಯುವರು. ವಸ್ತುತಃ ಆ ಪ್ಲೇಟುಗಳ ಹಕ್ಕಿನ ತೊಡಕನ್ನು ತಪ್ಪಿಸಲು ಫ್ಯಾಬ್ ಫೈವ್ ಫ್ರೆಡಿ ಮತ್ತು ಕ್ರಿಸ್ ಸ್ಟೈನ್ ಎಂಬವರು ಚಿತ್ರಕ್ಕೆಂದೇ ಹೊಸ ಬ್ರೇಕುಗಳನ್ನು ರಚಿಸಿದರು. ಕಣ್ಣಿಗೆ ಕಾಣುವ ಮನುಷ್ಯನು ನಿಜ, ಅವನ ಕೈ ನಿಜ, ಕೈಯಡಿಯ ನಾದವು ಕೃತಕ. ಒಂದೇ ದೃಶ್ಯದಲ್ಲಿ ಪ್ರಮಾಣವೂ ಪ್ರಮಾಣಾಭಾಸವೂ ಕೂಡಿರುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ದೊರೆಯಲಾರದು.

ಬಾಯ್ದೆರೆಯ ಪದಗಳ ಕರ್ತೃತ್ವವು ಎಷ್ಟು ಜಾರತಕ್ಕುದೆಂಬುದಕ್ಕೆ ಮತ್ತೊಂದು ಪ್ರಸಿದ್ಧವಾದ ಸಂಗತಿಯಿದೆ. ಈ ಕಲೆಯನ್ನು ಲೋಕಕ್ಕೆಲ್ಲ ಪರಿಚಯಿಸಿದ ಮೊದಲ ಪ್ಲೇಟು ೧೯೭೯ರಲ್ಲಿ ಶುಗರ್‌ಹಿಲ್ ಗ್ಯಾಂಗ್ ಎಂಬವರು ಹೊರಡಿಸಿದ 'ರ್‍ಯಾಪರ್ಸ್ ಡಿಲೈಟ್'. ಅದರಲ್ಲಿ ಒಬ್ಬನು ನುಡಿದ ಪದಗಳು ಬ್ರಾಂಕ್ಸಿನ ಗ್ರ್ಯಾಂಡ್‌ಮಾಸ್ಟರ್ ಕಾಜ್ ಎಂಬವನವು. ಕಾಜನ ಹೆಸರು ಪ್ಲೇಟಿನ ಮೇಲೆ ಬರಲಿಲ್ಲ. ಆದರೆ ಕಾಜನು ತನ್ನ ಬಿರುದನ್ನು ಅಕ್ಷರಾಕ್ಷರವಾಗಿ ಬಿಡಿಸಿ ಹೇಳುವ ಭಾಗವನ್ನು ಕೂಡ ಎರವಲು ಪಡೆದವನು ಹಾಗೆಯೇ ನುಡಿದುಬಿಟ್ಟನು! ವಚನ ಕೀರ್ತನೆಗಳಲ್ಲಿ ಅಂಕಿತವನ್ನು ಹಿಡಿದು ಕರ್ತೃವನ್ನು ನಿರ್ಣಯಿಸುವ ಕನ್ನಡ ಪಂಡಿತರಿಗೆ ಈ ಅಂಕಿತದ ಸಾಕ್ಷ್ಯವು ಎಷ್ಟು ಬಲವಾದುದೆಂದು ಬೇರೆ ಹೇಳಬೇಕಾಗಿಲ್ಲ. ರಾಜಶೇಖರನು ಕಾವ್ಯಮೀಮಾಂಸೆಯಲ್ಲಿ ಶಬ್ದಹರಣ, ಅರ್ಥಹರಣ ಎಂದು ಕಾವ್ಯಚೌರ್ಯವನ್ನು ಅಧ್ಯಾಯ ಅಧ್ಯಾಯಗಳಾಗಿ ವಿಚಾರಿಸಿರುವನು. ಹೆಸರನ್ನೇ ಹರಣಮಾಡಿದ ಈ ಪ್ರಕಾರವನ್ನು ಅವನು ಕಂಡಿದ್ದರೆ ಮತ್ತೊಂದು ಭೇದವನ್ನು ಸೇರಿಸುತ್ತಿದ್ದನೋ ಏನೋ. ಅದೇ ಕಾಜನು 'ವೈಲ್ಡ್ ಸ್ಟೈಲ್'ನಲ್ಲಿ ತನ್ನ ಕೋಲ್ಡ್ ಕ್ರಷ್ ಬ್ರದರ್ಸ್ ತಂಡದೊಡನೆ ಸ್ವಮುಖದಿಂದ ನುಡಿಯುವುದನ್ನು ನೋಡಬಹುದು. ಪ್ಲೇಟು ಮಾಡಿದ ಅನ್ಯಾಯವನ್ನು ಚಿತ್ರವು ಸ್ವಲ್ಪಮಟ್ಟಿಗೆ ಸರಿಪಡಿಸಿದೆ. ವಾಕ್ಕಿನ ವಿಷಯದಲ್ಲಿ ಚಿತ್ರದ ಪ್ರಯೋಜನವು ಮುಖ್ಯವಾಗಿ ಇದು: ಆದಿಯ ಪಾಠವನ್ನು ಅದು ಕೊಡಲಾರದು, ಯಾರ ಬಾಯಿ, ಯಾರ ಮಾತು ಎಂಬುದನ್ನು ತೋರಿಸಬಲ್ಲುದು.

೫. ಪ್ರದರ್ಶನದ ಫಲ

ಇಷ್ಟು ಚಿತ್ರಗಳ ಸಾಕ್ಷಿತ್ವವಾಯಿತು. ಅವುಗಳ ಪ್ರದರ್ಶನದಿಂದ ಉಂಟಾದ ಫಲವು ಇನ್ನೂ ವಿಚಿತ್ರವಾದುದು.

೧೯೮೩ರ ಶರತ್ಕಾಲದಲ್ಲಿ 'ವೈಲ್ಡ್ ಸ್ಟೈಲ್' ಜಪಾನಿನಲ್ಲಿ ಪ್ರದರ್ಶಿತವಾಯಿತು. ಚಿತ್ರದೊಡನೆ ಕಲಾವಿದರೂ ಹೋಗಿದ್ದರು. ನೋಡಿದ ತರುಣರಲ್ಲಿ ಕೆಲವರು ಟೋಕಿಯೋ ನಗರದ ಯೊಯೊಗಿ ಉದ್ಯಾನದಲ್ಲಿ ಕುಣಿಯಲು ತೊಡಗಿದರು. ಡಿಜೆ ಕ್ರಷ್ ಎಂಬ ಪ್ರಸಿದ್ಧ ವಾದಕನು ಈ ಚಿತ್ರವೇ ತನಗೆ ದಾರಿಯನ್ನು ತೋರಿಸಿತೆಂದು ಹೇಳಿಕೊಂಡಿರುವನು. ಸ್ಟಾನ್ ಲೇಥನ್ ನಿರ್ದೇಶಿಸಿದ ಕಥಾಚಿತ್ರ 'ಬೀಟ್ ಸ್ಟ್ರೀಟ್' (೧೯೮೪) ಮರುವರ್ಷ ಪೂರ್ವ ಜರ್ಮನಿಯ ಚಿತ್ರಮಂದಿರಗಳಿಗೆ ಬಂದಿತು. ಅಮೆರಿಕದ ಬಡವರ ದುಃಸ್ಥಿತಿಯನ್ನು ತಮ್ಮ ಜನರು ನೋಡಲೆಂದು ಅಲ್ಲಿನ ಆಳುವವರು ಅದಕ್ಕೆ ಎಡೆಗೊಟ್ಟರೆಂದು ಇತಿಹಾಸಕಾರರು ಹೇಳುವರು. ತರುಣರು ನೋಡಿದುದು ದುಃಸ್ಥಿತಿಯನ್ನಲ್ಲ, ನೃತ್ತವನ್ನು. ಊರೂರ ಚೌಕಗಳಲ್ಲಿ ನೆಲದ ಮೇಲೆ ತಿರುಗಲಾರಂಭಿಸಿದರು. ಪ್ರದರ್ಶಿಸುವವನ ತಾತ್ಪರ್ಯ ಒಂದು, ಪ್ರೇಕ್ಷಕನು ಗ್ರಹಿಸುವುದು ಮತ್ತೊಂದು.

ಬ್ರಾಂಕ್ಸಿನಲ್ಲಿ ಕಲೆಯಿಂದ ಚಿತ್ರವು ಹುಟ್ಟಿತು. ಟೋಕಿಯೋ, ಬರ್ಲಿನ್‌ಗಳಲ್ಲಿ ಚಿತ್ರದಿಂದ ಕಲೆಯು ಹುಟ್ಟಿತು. ಬೀಜಾಂಕುರನ್ಯಾಯಕ್ಕೆ ಇದೊಂದು ಹೊಸ ದೃಷ್ಟಾಂತ. ಈ ಕಾರಣದಿಂದ, ಕಲೆಯನ್ನು ಚಿತ್ರಿಸಿಡುವವನು ತಾನು ಶವವನ್ನು ಲೇಪಿಸಿಡುತ್ತಿರುವೆನೆಂದು ಭಾವಿಸಲಾಗದು. ಬಿತ್ತನೆಯ ಧಾನ್ಯವನ್ನು ಕಣಜಕ್ಕೆ ಸುರಿಯುತ್ತಿರುವೆನೆಂದು ತಿಳಿಯಬೇಕು. ಕಣಜವು ತೆರೆಯದಿದ್ದರೆ ಮಾತ್ರ ಧಾನ್ಯವು ಹುಳಿತು ಹೋಗುವುದು. ೨೦೦೭ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಂಥಭಂಡಾರವು ಹಿಪ್-ಹಾಪ್ ಸಂಗ್ರಹವೊಂದನ್ನು ಸ್ಥಾಪಿಸಿ, ಆದಿಕಾಲದ ಕ್ಯಾಸೆಟ್, ಕರಪತ್ರ, ಛಾಯಾಚಿತ್ರಗಳನ್ನು ಹಸ್ತಪ್ರತಿಗಳಿಗೆ ಸಲ್ಲುವ ಗೌರವದಿಂದ ಕಾಪಾಡತೊಡಗಿತು. ಹುಡುಗರ ಕೂಟದ ಕರಪತ್ರವು ಓಲೆಗರಿಯ ಪಕ್ಕದಲ್ಲಿ ಕುಳಿತುಕೊಂಡಿತು.

೬. ಕರ್ಣಾಟಕದ ವಿಷಯ

ಈ ವಿಚಾರವು ಕನ್ನಡಿಗರಿಗೆ ಏಕೆ ಬೇಕು? ಮೊದಲನೆಯದಾಗಿ, ಈ ಕಲೆಯು ಈಗ ಕನ್ನಡ ನಾಡಿನೊಳಗೂ ಇದೆ. ಬೆಂಗಳೂರಿನ ತರುಣರು ಇಂಗ್ಲಿಷಿನಲ್ಲಿಯೂ ಕನ್ನಡದಲ್ಲಿಯೂ ರ್‍ಯಾಪ್ ಪದಗಳನ್ನು ಕಟ್ಟುತ್ತಿರುವರು. ಬ್ರೋಧ ವಿ ಎಂಬ ಬೆಂಗಳೂರಿನ ಕಲಾವಿದನು ೨೦೧೨ರಲ್ಲಿ ಹೊರಡಿಸಿದ 'ಆತ್ಮ ರಾಮ' ಎಂಬುದರಲ್ಲಿ ಇಂಗ್ಲಿಷಿನ ಪದಗಳ ನಡುವೆ ರಾಮಸ್ತುತಿಯ ಸಂಸ್ಕೃತ ಪಲ್ಲವಿಯನ್ನು ಹೆಣೆದಿರುವನು. ಚಂದನ್ ಶೆಟ್ಟಿ, ಆಲ್ ಓಕೆ ಎಂಬವರ ಕನ್ನಡ ಪದಗಳು ಹಳ್ಳಿಹಳ್ಳಿಗೂ ತಲಪಿವೆ. ಇವರ ತಲೆಮಾರಿಗೆ ಈ ಕಲೆಯು ಬಂದುದು ಬ್ರಾಂಕ್ಸಿನ ಬೀದಿಯಿಂದಲ್ಲ, ತೆರೆಯ ಮೂಲಕ.

ಎರಡನೆಯದಾಗಿ, ಇದರ ಸಜಾತೀಯವಾದ ಕಲೆಯು ನಮ್ಮಲ್ಲಿ ಬಹುಪೂರ್ವದಿಂದಲೂ ಇದೆ. ಓದುಬರಹವಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ನಿಪುಣರಾದ ಜನರನ್ನು ಒಂಬತ್ತನೆಯ ಶತಮಾನದಲ್ಲಿಯೇ ಕವಿರಾಜಮಾರ್ಗವು ಕೊಂಡಾಡಿದೆ. ಉತ್ತರ ಕರ್ಣಾಟಕದ ಗೀಗೀಪದಗಳಲ್ಲಿ ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳು. ಹರದೇಶಿಯವರು ಪುರುಷನ ಹಿರಿಮೆಯನ್ನೂ ನಾಗೇಶಿಯವರು ಪ್ರಕೃತಿಯ ಅಥವಾ ಸ್ತ್ರೀಯ ಹಿರಿಮೆಯನ್ನೂ ಸಾಧಿಸುವರು. ಒಂದು ಮೇಳವು ದಪ್ಪು, ತುಂತುಣಿ, ತಾಳಗಳೊಡನೆ ಸವಾಲು ಹಾಕುವುದು; ಇನ್ನೊಂದು ಮೇಳವು ಅದೇ ಧಾಟಿಯಲ್ಲಿ ಜವಾಬು ಕೊಡಬೇಕು. ಹಿಮ್ಮೇಳದವರು 'ಗೀ ಗೀ' ಎಂದು ದನಿಗೂಡಿಸುವರು. ಉತ್ತರವು ತಟ್ಟನೆ ಹೊಳೆಯದವನಿಗೆ ಸೋಲು; ತೀರ್ಪು ಕೂಡಿದ ಜನರದು. ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಗಳು ಆಶುವಾಗಿ ನಡೆಸುವ ವಾಗ್ವಾದವೂ, ಅವಧಾನದಲ್ಲಿ ಪೃಚ್ಛಕರು ಒಡ್ಡುವ ಸಮಸ್ಯೆಯನ್ನು ಅಲ್ಲಿಯೇ ಪೂರಣಮಾಡುವ ಪಾಂಡಿತ್ಯವೂ ಇದೇ ಕುಲಕ್ಕೆ ಸೇರಿದುವು. ನೈಯಾಯಿಕರು ಕಥೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿರುವರು. ಅವುಗಳಲ್ಲಿ ಗೆಲವೇ ಪ್ರಯೋಜನವಾದ ಜಲ್ಪಕ್ಕೆ ಹಾರ್ಲೆಮಿನ ವಾಗ್ಯುದ್ಧವೂ ಹಲಸಂಗಿಯ ಸೀಮೆಯ ಸವಾಲು ಜವಾಬುಗಳೂ ಸಮಾನವಾಗಿ ಉದಾಹರಣೆಗಳಾಗಬಲ್ಲುವು. ಇದರಿಂದ ಒಂದು ಮತ್ತೊಂದರಿಂದ ಹುಟ್ಟಿತೆಂದು ಹೇಳಿದಂತಾಗದು. ಸಂಬಂಧವಿಲ್ಲದ ಎರಡು ನೆಲಗಳಲ್ಲಿ ಒಂದೇ ಮನೋಧರ್ಮವು ಒಂದೇ ರೂಪವನ್ನು ತಾಳಿತೆಂಬುದಷ್ಟೇ ಇಲ್ಲಿನ ಅಭಿಪ್ರಾಯ.

ನಮ್ಮ ಈ ಕಲೆಯ ಸಾಕ್ಷಿಗಳು ಯಾವುವು? ಹಲಸಂಗಿಯ ಗೆಳೆಯರು ಊರೂರು ಸುತ್ತಿ ಪದಗಳನ್ನು ಬರೆದುಕೊಂಡು 'ಗರತಿಯ ಹಾಡು' (೧೯೩೧), ಲಾವಣಿಗಳ ಸಂಗ್ರಹವಾದ 'ಜೀವನ ಸಂಗೀತ' (೧೯೩೩) ಮೊದಲಾದುವನ್ನು ಪ್ರಕಟಿಸಿದರು. ಅವರ ಉಪಕಾರವು ಮರೆಯತಕ್ಕುದಲ್ಲ. ಆದರೆ ಬರಹದಲ್ಲಿ ಉಳಿಯುವುದು ಪದದ ಪಾಠ. ದಪ್ಪಿನ ಗತಿ, ಎದುರಾಳಿಯ ಮುಖ, ಉತ್ತರಕ್ಕೆ ಮುನ್ನಿನ ಒಂದು ಕ್ಷಣದ ಮೌನ, ಜನರ ಕೇಕೆ, ಇವು 'ಶಬ್ದ'ಪ್ರಮಾಣಕ್ಕೆ ಸಿಕ್ಕುವುವಲ್ಲ. ಬ್ರಾಂಕ್ಸಿನಲ್ಲಿ ಧ್ವನಿಯು ಉಳಿದು ನೋಟವು ಹೋಯಿತು. ನಮ್ಮಲ್ಲಿ ಅಕ್ಷರವು ಉಳಿದು ಧ್ವನಿ ನೋಟಗಳೆರಡೂ ಹೋದುವು.

ಹಾಗೆಂದು ಪ್ರಯತ್ನಗಳೇ ನಡೆದಿಲ್ಲವೆಂದಲ್ಲ. ಸಂಗೀತದರ್ಪಣದ ಮೇಲೆ ಪ್ರಬಂಧವನ್ನು ಬರೆದು ೧೯೩೦ರಲ್ಲಿ ಪ್ರಕಟಿಸಿದ ಡಚ್ ವಿದ್ವಾಂಸ ಆರ್ನಾಲ್ಡ್ ಬೇಕ್ (೧೮೯೯-೧೯೬೩) ಶಾಸ್ತ್ರವನ್ನು ಓದಿದುದರಿಂದ ತೃಪ್ತನಾಗದೆ, ೧೯೩೮ರಲ್ಲಿ ದಕ್ಷಿಣ ದೇಶದಲ್ಲಿ ಸಂಚರಿಸಿ ಹಾಡುಗಳನ್ನು ಮುದ್ರಿಸಿಕೊಂಡನು; ಮೂಕಚಿತ್ರಗಳನ್ನೂ ತೆಗೆದನು. ಅವನ ಸಂಚಾರದಲ್ಲಿ ಕನ್ನಡ ನಾಡೂ ಸೇರಿತ್ತು. ನಲವತ್ತಾರು ವರ್ಷಗಳ ಮೇಲೆ, ೧೯೮೪ರಲ್ಲಿ, ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಎಂಬ ವಿದ್ವಾಂಸರು ಬೇಕನ ಮುದ್ರಣಗಳನ್ನು ಸಂಗಡ ಕೊಂಡು ತಮಿಳುನಾಡು, ಕೇರಳ, ಕರ್ಣಾಟಕಗಳ ಅವೇ ಸ್ಥಳಗಳಿಗೆ ಹೋದರು. ಯಾವ ಕಲೆಯು ಉಳಿದಿದೆ, ಯಾವುದು ಮಾರ್ಪಟ್ಟಿದೆ, ಯಾವುದು ಅಳಿದಿದೆ ಎಂಬುದನ್ನು ಹಳೆಯದರ ಪಕ್ಕದಲ್ಲಿ ಹೊಸದನ್ನಿಟ್ಟು ಪರೀಕ್ಷಿಸಿದರು. ಆ ಪರೀಕ್ಷೆಯ ಫಲವು ೧೯೯೧ರಲ್ಲಿ ವೀಡಿಯೊ ರೂಪದಲ್ಲಿಯೂ ಹೊರಬಂದಿತು. ಚಿತ್ರವು ಭಂಡಾರದಿಂದ ತನ್ನ ಊರಿಗೆ ಮರಳಬೇಕೆಂಬ ತತ್ತ್ವಕ್ಕೆ ಕನ್ನಡ ನಾಡಿನೊಳಗಣ ಮೇಲ್ಪಂಕ್ತಿಯು ಇದೇ.

ಮತ್ತೊಂದು ಮೇಲ್ಪಂಕ್ತಿಯು ಸ್ವದೇಶದವರದೇ. ಎಚ್. ಎಲ್. ನಾಗೇಗೌಡರು (೧೯೧೫-೨೦೦೫) ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ಹಾಡುಗಾರರನ್ನೂ ಕುಣಿತದವರನ್ನೂ ಹುಡುಕಿಕೊಂಡು ಹೋಗಿ ಧ್ವನಿಯಲ್ಲಿಯೂ ಚಿತ್ರದಲ್ಲಿಯೂ ಹಿಡಿದಿಡಿಸಿದರು. ಅವರು ಕಟ್ಟಿಸಿದ ಜಾನಪದ ಲೋಕವು ೧೯೯೪ರಿಂದ ರಾಮನಗರದ ಬಳಿ ಮೈಸೂರು ರಸ್ತೆಯ ಪಕ್ಕದಲ್ಲಿದೆ.

೭. ಉಪಸಂಹಾರ

ಕೊನೆಯದಾಗಿ ಸ್ಥಳವಿಚಾರ. ಅದೇ ಮೈಸೂರು ರಸ್ತೆಯಲ್ಲಿ ಬೆಂಗಳೂರಿನ ಕಡೆಗೆ ಬಂದರೆ ಕೆಂಗೇರಿ. ಅದಕ್ಕೆ ಸಮೀಪದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಜ್ಞಾನಭಾರತಿ; ಅದರ ಬದಿಯ ಮಲ್ಲತ್ತಹಳ್ಳಿಯಲ್ಲಿ ನಾಟ್ಯ ಸಂಗೀತಗಳಿಗೆ ರಂಗಸ್ಥಳವಾದ ಕಲಾಗ್ರಾಮ. ೨೦೨೧ನೆಯ ಆಗಸ್ಟಿನಲ್ಲಿ ಮೆಟ್ರೋ ರೈಲು ಕೆಂಗೇರಿಯವರೆಗೆ ಬಂದ ಮೇಲೆ ನಗರದ ನಡುವಿನಿಂದ ಇಲ್ಲಿಗೆ ಬರುವುದು ಸುಲಭವಾಗಿದೆ. ಎತ್ತರದ ಹಳಿಗಳ ಮೇಲೆ ಓಡುವ ಗಾಡಿಯು ಕಿರ್ಷ್‌ಹೈಮರನ ಚಿತ್ರವನ್ನು ನೋಡಿದವರಿಗೆ ನ್ಯೂಯಾರ್ಕನ್ನು ನೆನಪಿಗೆ ತರುವುದು. ಆದರೆ ಈ ಗಾಡಿಗಳ ಮೇಲೆ ಯಾರ ಹೆಸರೂ ಇಲ್ಲ. ಕೆಂಗೇರಿ ಉಪನಗರದಂಥ ಬಡಾವಣೆಗಳಲ್ಲಿ ನೆಲೆಸಿದವರು ನಾನಾ ಜಿಲ್ಲೆಗಳಿಂದ ಬಂದವರು. ವಿಜಯಪುರದ ಕಡೆಯಿಂದ ಬಂದವರ ಮನೆಯ ಮಗನು ರ್‍ಯಾಪ್ ಪದವನ್ನು ಕಟ್ಟುವಾಗ, ತನ್ನ ಅಜ್ಜನು ಕೇಳಿ ತಲೆದೂಗಿದ ಸವಾಲು ಜವಾಬು ಇದಕ್ಕೆ ದೂರವಲ್ಲವೆಂಬುದನ್ನು ಅವನಿಗೆ ತಿಳಿಸುವವರು ಯಾರು?

ಇದಕ್ಕೆ ವ್ಯಾಖ್ಯಾನಕ್ಕಿಂತ ಪ್ರದರ್ಶನವೇ ಉತ್ತಮಸಾಧನ. ಸತ್ಯಜಿತ್ ರಾಯ್ ಮೊದಲಾದವರು ೧೯೪೭ರಲ್ಲಿ ಕಲಕತ್ತೆಯಲ್ಲಿ ಆರಂಭಿಸಿದ ಚಿತ್ರಸಮಾಜದ ಪದ್ಧತಿಯು ಬೆಂಗಳೂರಿಗೂ ಬಂದಿದ್ದು, ೧೯೭೧ರಲ್ಲಿ ಸ್ಥಾಪಿತವಾದ ಸುಚಿತ್ರ ಫಿಲ್ಮ್ ಸೊಸೈಟಿಯಂಥ ಸಂಸ್ಥೆಗಳು ಅದನ್ನು ನಡೆಸಿಕೊಂಡು ಬಂದಿವೆ. ಆ ಪದ್ಧತಿಯಂತೆ ಒಂದೇ ಸಂಜೆ 'ಸ್ಟೈಲ್ ವಾರ್ಸ್' ಚಿತ್ರವನ್ನೂ ಗೀಗೀ ಮೇಳಗಳ ಚಿತ್ರಗಳನ್ನೂ ಒಂದರ ಹಿಂದೆ ಒಂದನ್ನು ತೋರಿಸಿ, ನೋಡುವವರಲ್ಲಿ ಮೇಳದವರನ್ನೂ ರ್‍ಯಾಪಿನ ತರುಣರನ್ನೂ ಕೂಡಿಸಿದರೆ, ವಿದ್ವಾಂಸರಿಗೆ ತುಲನೆಗೆ ಸಾಮಗ್ರಿಯೂ ಕಲಾವಿದರಿಗೆ ಹೊಸ ಅಂಕುರವೂ ದೊರೆಯುವುದು. ಅದಕ್ಕೆ ಮುನ್ನ ಆಗಬೇಕಾದ ಕೆಲಸ ಮತ್ತೊಂದುಂಟು. ಹರದೇಶಿ ನಾಗೇಶಿಗಳ ಸವಾಲು ಜವಾಬನ್ನು ಬಲ್ಲ ಮೇಳಗಳು ಇನ್ನೂ ಇರುವಾಗಲೇ, ಅರ್ಧಗಂಟೆಗೆ ಮೊಟಕುಮಾಡಿದ ವೇದಿಕೆಯ ಪ್ರದರ್ಶನವನ್ನಲ್ಲದೆ, ಜಾತ್ರೆಯ ಇಡೀ ರಾತ್ರಿಯ ವಾದವನ್ನು, ಎರಡೂ ಪಕ್ಷಗಳನ್ನು, ಕೇಳುವ ಜನರ ಸಹಿತವಾಗಿ, ಹಾಡುವವರ ಹೆಸರು ಊರುಗಳ ಸಹಿತವಾಗಿ ಚಿತ್ರಿಸಿಡಬೇಕು.

ಬ್ರಾಂಕ್ಸಿನ ಮಕ್ಕಳಿಗೆ ಚಿತ್ರಯಂತ್ರವಿರಲಿಲ್ಲ. ಅವರ ಆದಿಕಾಲವು ಕಾಣದೆ ಹೋದುದು ಅವರ ತಪ್ಪಲ್ಲ. ಇಂದು ಆ ಯಂತ್ರವು ಕನ್ನಡ ನಾಡಿನಲ್ಲಿ ದನಕಾಯುವ ಹುಡುಗನ ಅಂಗಿಯ ಜೇಬಿನಲ್ಲಿಯೂ ಇದೆ. ಇನ್ನು ಮುಂದೆ ನಷ್ಟವಾಗುವುದಕ್ಕೆ ಬಡತನವನ್ನು ಕಾರಣವಾಗಿ ಹೇಳುವಂತಿಲ್ಲ.